ಶ್ರುತಿ ತಾತನಿಗೆ ಮಾಡಿದ ಗಂಟಲು

ಪುಟ ತಿರುಗಿಸುವ ಮುಂಚೆ ಸ್ವಲ್ಪ ತಾಳಿ, ಈ ಕೆನ್ನೆಗಳನ್ನೊಮ್ಮೆ ನೋಡಿಕೊಂಡು ಹೋಗಿ. ಊದಲು ಶುರು ಮಾಡಿದರೆ ಒಂದೊಂದು ಕೆನ್ನೆಯೊಳಗೂ ಒಂದೊಂದು ಸೀಬೆಹಣ್ಣು ಇಟ್ಟುಕೊಂಡಂತೆ ಉಬ್ಬುತ್ತಿದ್ದವು. ನಿಲ್ಲಿಸಿದರೆ ಖಾಲಿ ಚೀಲದ ಹಾಗೆ ಜೋತುಬಿದ್ದು, ಬಾಯಿಯ ಎರಡೂ ಪಕ್ಕ ಮಡಿಕೆಯಾಗುತ್ತಿದ್ದವು. ನಲವತ್ತು ವರ್ಷ ಗಾಳಿ ತುಂಬಿ, ಖಾಲಿಯಾಗಿ, ಮತ್ತೆ ತುಂಬಿದ ಚರ್ಮ ಅದು. ಮೇಲೆ ಸಣ್ಣ ಸಣ್ಣ ಕೆಂಪು ನರಗಳು ಕಾಣುತ್ತಿದ್ದವು.

ಅವರು ಓಲಗದ ಮೇಳದಲ್ಲಿ ಶ್ರುತಿ ಹಿಡಿಯುತ್ತಿದ್ದವರು. ಮದುವೆಮನೆಯಲ್ಲಿ ನೀವು ನೋಡಿರುತ್ತೀರಿ: ಯಜಮಾನ ಮುಂದೆ ನಿಂತು ರಾಗ ನುಡಿಸುತ್ತಾನೆ, ಡೋಲಿನವನು ಕೈಚಳಕ ತೋರಿಸುತ್ತಾನೆ, ಜನ ಅವರಿಬ್ಬರಿಗೆ ತಲೆದೂಗುತ್ತಾರೆ. ಅವರ ಹಿಂದೆ ಒಬ್ಬ ಉದ್ದನೆಯ ಕೊಳವೆ ಹಿಡಿದು ಒಂದೇ ಒಂದು ಸ್ವರವನ್ನು ಎಡೆಬಿಡದೆ ಊದುತ್ತಿರುತ್ತಾನೆ. ಅವನು ನಿಲ್ಲಿಸಿದಾಗ ಮಾತ್ರ ಅಲ್ಲೊಬ್ಬ ಇದ್ದ ಅಂತ ಗೊತ್ತಾಗುವುದು. ಚಾಮರಾಜನಗರದ ಕಡೆ ಎಲ್ಲರೂ ಅವರನ್ನು ಶ್ರುತಿ ತಾತ ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ನನ್ನದು ಗುಂಡ್ಲುಪೇಟೆ ರಸ್ತೆಯಲ್ಲಿ ಸೈಕಲ್ ಶಾಪು. ಓದಿದ್ದು ಎಂಟನೇ ಕ್ಲಾಸು. ಆದರೆ ಗುಜರಿಗೆ ತೂಕದ ಲೆಕ್ಕದಲ್ಲಿ ಬಂದ ಹಳೇ ಪುಸ್ತಕಗಳಲ್ಲಿ ಒಂದು ಆರೋಗ್ಯಶಾಸ್ತ್ರದ ಪುಸ್ತಕ ಸಿಕ್ಕಿತ್ತು. ಅದರಲ್ಲಿ ಗಂಟಲಿನ ಚಿತ್ರವಿತ್ತು. ಅದನ್ನು ನೋಡಿದ ದಿನದಿಂದ ನನಗೆ ಅದೇ ಹುಚ್ಚು. ಎದೆಯ ಗಾಳಿ ಮಾತಾಗುವುದು ಹೇಗೆ? ಉಡಿಗಾಲದ ಮಾಂಸದಂಗಡಿಯವನನ್ನು ಕಾಡಿ ಬೇಡಿ ಮೇಕೆಯ ಗಂಟಲು ತಂದು, ಸೈಕಲ್ ಪಂಪಿಗೆ ಸಿಕ್ಕಿಸಿ ಗಾಳಿ ಹೊಡೆದಿದ್ದೇನೆ. ಬೆರಳಲ್ಲಿ ಎರಡು ಕಡೆ ಒತ್ತಿ ಹಿಡಿದರೆ ಸತ್ತ ಮೇಕೆಯ ಗಂಟಲಿಂದ ಒಂದು ಕೆಟ್ಟ ಕೂಗು ಬಂತು. ಪಕ್ಕದ ಟೀ ಅಂಗಡಿಯವರು ಎರಡು ದಿನ ನನ್ನನ್ನು ಮಾತಾಡಿಸಲಿಲ್ಲ.

ತಾತನ ಪರಿಚಯವಾದದ್ದು ಗುಂಡ್ಲುಪೇಟೆಯ ಒಂದು ಮದುವೆಯಲ್ಲಿ. ಎಲ್ಲರೂ ಧಾರೆ ನೋಡುತ್ತಿದ್ದರೆ ನಾನು ಅವರ ಹಿಂದೆ ನಿಂತು ಕೇಳುತ್ತಿದ್ದೆ. ಸ್ವರ ತುಂಡಾಗುತ್ತಲೇ ಇಲ್ಲ! ಹಾಗಾದರೆ ಈ ಮನುಷ್ಯ ಉಸಿರೆಳೆಯುವುದು ಯಾವಾಗ? ತಡೆಯಲಾಗಲಿಲ್ಲ. ದೀಪದ ಬತ್ತಿಗೆ ಇಟ್ಟಿದ್ದ ಹತ್ತಿಯಲ್ಲಿ ಒಂದು ಎಳೆ ಕಿತ್ತು, ಊದುತ್ತಿದ್ದವರ ಮೂಗಿನ ಕೆಳಗೆ ಹಿಡಿದೆ. ಹತ್ತಿಯನ್ನು ಮೂಗು ಒಳಕ್ಕೆ ಸೆಳೆಯಿತು, ಬಾಯಿ ಊದುತ್ತಲೇ ಇತ್ತು. ಕಣ್ಣಲ್ಲೇ ನನ್ನನ್ನು ಸುಟ್ಟರು. ಓಲಗ ನಿಂತ ಕೂಡಲೇ ನನ್ನ ಕಿವಿ ಹಿಡಿದರು.

"ಯಾವೂರ್ಲಾ ನಿಂದು? ಮೂಗ್ಗೆ ಅತ್ತಿ ಇಡೀಕೆ ನಾನೇನ್ ಸತ್ತೋಗಿದ್ದೀನಾ? ಮದ್ವೆಮನೇಲಿ ಎಣ ಮಾಡ್ತಾನೆ ನನ್ನ!"

"ಅಲ್ಲ ತಾತ, ಉಸ್ರು ಎಲ್ಲಿಂದ ಎಳೀತೀರಿ ಅಂತ ನೋಡ್ದೆ ಅಷ್ಟೆ."

ಕಿವಿ ಬಿಟ್ಟರು. ನಲವತ್ತು ವರ್ಷದಲ್ಲಿ ಅದನ್ನು ಕೇಳಿದವನು ನಾನೊಬ್ಬನೇ ಅಂತ ಆಮೇಲೆ ಹೇಳಿದರು. ಅವತ್ತು ಊಟದ ಪಂಕ್ತಿಯಿಂದ ಎದ್ದ ಮೇಲೆ ಬಾಯಿ ತುಂಬ ನೀರು ತುಂಬಿಕೊಂಡು, ತುಟಿಯ ಸಂದಿಯಿಂದ ಎಳೆಯಾಗಿ ಬಿಡುತ್ತಾ, ಮೂಗಲ್ಲಿ ಸೊರಸೊರ ಉಸಿರೆಳೆದು ತೋರಿಸಿದರು. ನೀರಿನ ಎಳೆ ಕಡಿಯಲಿಲ್ಲ.

"ಉಸ್ರು ಬ್ಯಾರೆ, ಗಾಳಿ ಬ್ಯಾರೆ ಕಣ್ಲಾ. ಉಸ್ರು ಎದೇದು, ಗಾಳಿ ಕೆನ್ನೇದು. ಎದೆ ಬರ್ದಾದಾಗ ಕೆನ್ನೆ ದುಡೀಬೇಕು. ಅಷ್ಟೇಯ."

ನಾನು ಯಾವ ಕಾಲೇಜಿನಲ್ಲೂ ಕೂತಿಲ್ಲ. ನನ್ನ ಮೊದಲ ಪಾಠ ಅದು.

ಆಮೇಲೆ ಬಿಡುವಾದಾಗೆಲ್ಲ ಸೈಕಲ್ ತುಳಿದುಕೊಂಡು ಹರದನಹಳ್ಳಿಯ ಅವರ ಮನೆಗೆ ಹೋಗುತ್ತಿದ್ದೆ. ಎರಡು ಕಾಗದಗಳನ್ನು ಎದುರುಬದುರು ಹಿಡಿದು ನಡುವೆ ಊದಿ ತೋರಿಸಿದೆ. ಊದಿದರೆ ಕಾಗದ ದೂರ ಹೋಗಬೇಕಲ್ಲ, ಹೋಗುವುದಿಲ್ಲ, ಹತ್ತಿರ ಬಂದು ಪಟಪಟ ಬಡಿದುಕೊಳ್ಳುತ್ತವೆ. ನಮ್ಮ ಗಂಟಲಲ್ಲೂ ಹೀಗೇ ಎರಡು ಪಟ್ಟಿಗಳಿವೆ, ಗಾಳಿ ನುಗ್ಗಿದರೆ ತೆರೆದು ಮುಚ್ಚಿ ಬಡಿದುಕೊಳ್ಳುತ್ತವೆ, ಅದೇ ದನಿ ಅಂದೆ. ತಾತ ತಮ್ಮ ಕೊಳವೆಯ ತುದಿಯ ಪೀಪಿ ತೆಗೆದು ನನ್ನ ಕಣ್ಣ ಮುಂದೆ ಹಿಡಿದರು. ಜೊಂಡನ್ನು ಬೇಯಿಸಿ, ಚಪ್ಪಟೆ ಮಾಡಿ, ದಾರ ಸುತ್ತಿ ಮಾಡಿದ ಎರಡು ಎಲೆ.

"ಇದೇ ಅಲ್ವೇನ್ಲಾ ನೀ ಏಳ್ತಿರೋದು? ದೇವ್ರು ನಮ್ಮ್ ನೋಡಿ ಮಾಡವ್ನೆ ಅನ್ನು."

ಒಳಗಿಂದ ಅಜ್ಜಿ ನಕ್ಕರು. ತಾತನ ಹೆಂಡತಿ. ಮದುವೆಯಾಗಿ ಹತ್ತು ವರ್ಷಕ್ಕೆ ಕಣ್ಣು ಮಂಜಾಗಿ, ಆಮೇಲೆ ಪೂರ್ತಿ ಹೋಗಿತ್ತು. ಆದರೂ ಒಲೆ, ನೀರು, ಮುದ್ದೆ ಎಲ್ಲ ಅವರದೇ. ಮಕ್ಕಳಿರಲಿಲ್ಲ. ತಾತ ಮದುವೆಗಳಿಂದ ವಾಪಸು ಬಂದಾಗ ತುಟಿ ಬಾತಿರುತ್ತಿತ್ತು, ಮಾತಾಡಲು ಮನಸ್ಸೇ ಇರುತ್ತಿರಲಿಲ್ಲ. ಹೊಸಿಲಲ್ಲಿ "ಅಮ್ಮಿ" ಅಂತ ಒಂದು ಸಲ ಕರೆದರೆ ಮುಗಿಯಿತು. ಬಂದರು ಅಂತ ಅಜ್ಜಿಗೆ ಗೊತ್ತಾಗುತ್ತಿತ್ತು. "ಇವ್ರ್ ಬಾಯಿ ಊರ್ಗೆಲ್ಲಾ ದುಡುದ್ಬುಟ್ಟು ಮನೆಗ್ ಬಂದು ಮನೀಕತದೆ" ಅಂತ ಅಜ್ಜಿ ಆಡಿಕೊಳ್ಳುತ್ತಿದ್ದರು.

ನಯಾಪೈಸೆ ಬಂದ ವರ್ಷ, ಐವತ್ತೇಳರಲ್ಲಿ, ತಾತನ ದನಿ ಒಡೆಯಿತು. ಮೊದಲು ನೆಗಡಿ ಅಂದುಕೊಂಡರು. ಹೊಗೆಸೊಪ್ಪು ಬಿಟ್ಟು ನೋಡಿದರು. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದೆ. ಗಂಟಲ ಪೆಟ್ಟಿಗೆಯಲ್ಲಿ ಹುಣ್ಣು ಬೇರುಬಿಟ್ಟಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಉಸಿರಾಟ ಕತ್ತಿನಲ್ಲಿ ಮಾಡುವ ತೂತಿನಿಂದ ಅಂದರು ವೈದ್ಯರು. ತಾತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಓಲಗ ಹೋಗುತ್ತದೆ ಅಂತ ಅಳುತ್ತಾರೆ ಅಂದುಕೊಂಡೆ. ಅದಲ್ಲ.

"ಅವ್ಳ್ಗೆ ಕಣ್ಣಿಲ್ಲ. ನಂಗೆ ಮಾತಿಲ್ದಿದ್ರೆ, ಅವ್ಳ ಪಾಲ್ಗೆ ನಾನ್ ಇದ್ದೂ ಸತ್ತಂಗೆ ಕಣ್ಲಾ. ಇಂಗೇ ಮನೆಗೋಗನ ನಡಿ. ಇರೋಗಂಟ ಮಾತಾಡ್ಕಂಡ್ ಇರ್ತೀನಿ."

ಆಗ ನಾನು ಬಾಯಿಬಿಟ್ಟೆ. ಇಪ್ಪತ್ತು ವಯಸ್ಸು, ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವ ಧಿಮಾಕು. "ಆಪರೇಷನ್ ಮಾಡಿಸ್ಕಳಿ ತಾತ. ನಾನ್ ಬೇರೆ ಗಂಟ್ಲು ಮಾಡ್ಕೊಡ್ತೀನಿ."

"ಸೈಕಲ್ ಟ್ಯೂಬ್ನಲ್ಲಾ?"

"ಹ್ಞೂ."

"ಪಂಚರ್ ಆದ್ರೆ?"

"ಪ್ಯಾಚ್ ಹಾಕ್ತೀನಿ."

ನಕ್ಕರು. ಆ ಒಡಕು ನಗುವೇ ನಾನು ಕೇಳಿದ ಅವರ ಕೊನೆಯ ನಗು. ನನ್ನ ಮಾತು ನಂಬಿಯೇ ಒಪ್ಪಿಕೊಂಡರು. ದೀಪಾವಳಿ ಕಳೆದ ಮೇಲೆ ಆಪರೇಷನ್ ಆಯಿತು.

ಮನೆಗೆ ಬಂದ ಮೇಲೆ ಇಬ್ಬರೂ ಗುರುತು ಮಾಡಿಕೊಂಡರು. ಒಂದು ಚಪ್ಪಾಳೆ ಅಂದರೆ ಬಾ, ಎರಡು ಅಂದರೆ ಬೇಡ, ತೋಳು ಮುಟ್ಟಿದರೆ ನಾನಿಲ್ಲಿದ್ದೇನೆ. ಬದುಕು ಅಷ್ಟರಲ್ಲೆಲ್ಲಿ ಹಿಡಿಯುತ್ತದೆ? ಒಂದು ದಿನ ಅಜ್ಜಿ ಒಲೆಯಿಂದ ಇಳಿಸಿದ ಸಾರಿನ ಮಡಕೆಯ ಕಡೆಗೇ ಕಾಲಿಡುತ್ತಿದ್ದರಂತೆ. ತಾತ ಗಾಬರಿಯಲ್ಲಿ ಒಂದೇ ಸಮನೆ ಚಪ್ಪಾಳೆ ತಟ್ಟಿದ್ದಾರೆ. ಕರೆಯುತ್ತಿದ್ದಾರೆ ಅಂದುಕೊಂಡು ಅಜ್ಜಿ ಬೇಗ ಹೆಜ್ಜೆ ಹಾಕಿದ್ದಾರೆ. ನಾನು ಹೋದಾಗ ಅವರ ಪಾದಕ್ಕೆ ಬಟ್ಟೆ ಸುತ್ತಿತ್ತು. ತಾತ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿದರು. ಎಲ್ಲಿ ನಿನ್ನ ಗಂಟಲು ಅಂತ ಕೇಳಿದ ಹಾಗಿತ್ತು.

ನಾನು ಸುಮ್ಮನೆ ಕೂತಿರಲಿಲ್ಲ. ಶಾಪಿನ ಹಿಂದಿನ ಕೋಣೆಯಲ್ಲಿ ಒಂದು ಸುಳ್ಳು ಮನುಷ್ಯನನ್ನೇ ಮಾಡಿಟ್ಟಿದ್ದೆ. ಫುಟ್‌ಬಾಲಿನ ಬ್ಲಾಡರು ಅವನ ಎದೆ, ಟ್ಯೂಬು ಉಸಿರಿನ ಕೊಳವೆ, ತಾತ ಕೊಟ್ಟ ಪೀಪಿ ಗಂಟಲು, ತೂತು ಕೊರೆದ ತೆಂಗಿನ ಚಿಪ್ಪು ಬಾಯಿ. ಬ್ಲಾಡರು ಅದುಮಿ, ಚಿಪ್ಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದರೆ ಊ, ಆ, ಊ, ಆ ಅನ್ನುತ್ತಿತ್ತು. ಪೀಪಿ ಮಾಡಿದ್ದು ಬರೀ ಕಿರುಚು. ಅದನ್ನು ಊ ಮಾಡಿದ್ದು, ಆ ಮಾಡಿದ್ದು ಚಿಪ್ಪು. ಅಂದರೆ ತಾತನ ಬಾಯಿ, ನಾಲಿಗೆ, ತುಟಿ ಎಲ್ಲ ಸರಿಯಾಗೇ ಇದೆ. ಕತ್ತಿನ ತೂತಿನಿಂದ ಬರುವ ಗಾಳಿಯನ್ನು ಟ್ಯೂಬಿನಲ್ಲಿ ಹಿಡಿದು, ಪೀಪಿಯ ಮೂಲಕ ಹಾಯಿಸಿ, ಬಾಯಿಯ ಮೂಲೆಗೆ ತಂದುಬಿಟ್ಟರೆ ಆಯಿತು!

ಪೀಪಿ ಕೆತ್ತುವುದು ತಾತನೇ. ಜೊಂಡು ಹೆರೆದು ಹೆರೆದು ತೆಳ್ಳಗೆ ಮಾಡುತ್ತಿದ್ದರು. ನಾನು ತಪ್ಪಾಗಿ ಹಿಡಿದರೆ ಬೈಯಲು ಮಾತಿಲ್ಲ, ಹೆರೆದ ಚೂರುಗಳನ್ನು ಮುಖಕ್ಕೆ ಎರಚುತ್ತಿದ್ದರು. ಒಂದು ಸಂಜೆ ಮೇಳದ ಯಜಮಾನ ಬಂದ. ಬ್ಲಾಡರು ಅದುಮಿ ಕೇಳಿಸಿದೆ. ಅವನು ಕಣ್ಣುಮುಚ್ಚಿ ತನ್ನ ಸ್ವರ ಗುನುಗಿ ನೋಡಿದ.

"ವಸಿ ಮ್ಯಾಲದೆ. ಇಳ್ಸು."

ತಾತ ಇನ್ನೊಂದಿಷ್ಟು ಕೆತ್ತಿದರು. ಮತ್ತೆ ಅದುಮಿದೆ, ಯಜಮಾನ ಕಣ್ಣುಬಿಟ್ಟ. "ಆಂ! ಇದೇ ಕಣ್ಲಾ ನಮ್ಮ್ ಶ್ರುತಿ. ಈಗ ಕೂತ್ಕಂತು ನೋಡು." ಮೂವರೂ ಖುಷಿಯಾದೆವು. ತಪ್ಪಾದದ್ದು ಅಲ್ಲೇ. ಓಲಗದವರಿಗೆ ಶ್ರುತಿ ಸೇರದೆ ಏನೂ ಶುರುವಾಗುವುದಿಲ್ಲ, ಅದು ಅವರ ರಕ್ತದಲ್ಲಿದೆ. ಅವರ ಜೊತೆ ಕೂತು ಕೂತು ನನ್ನ ತಲೆಯಲ್ಲೂ ಅದೇ ಕೂತಿತ್ತು. ಮನುಷ್ಯ ಮಾತಾಡಲು ಸ್ವರ ಬೇಕೇ ಬೇಕಾ ಅಂತ ಮೂರು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಅದನ್ನು ತೊಡಿಸಿದೆ. ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಹೇಳದೇ ಕೇಳಿಸೋಣ ಅಂತ ನಾನೇ ಸನ್ನೆ ಮಾಡಿದೆ. ಇದೂ ನನ್ನ ದಡ್ಡತನವೇ. ತಾತ ಅಜ್ಜಿಯ ಹತ್ತಿರ ಹೋಗಿ ಎದೆ ತುಂಬಿಕೊಂಡರು.

"ಅಮ್ಮೀ."

ಅಕ್ಷರ ಸ್ಪಷ್ಟವಾಗಿತ್ತು. ಆದರೆ ಅದು ನಾಗಸ್ವರದ ಸ್ವರ. ಅಜ್ಜಿ ಮೊರ ಚೆಲ್ಲಿ ಗೋಡೆಗೆ ಸರಿದರು.

"ಯಾರ್ಲಾ ಅದು? ಯಾರ್ಲಾ ಮನೆವಳ್ಗೆ ಓಲಗ ಊದವ್ನು?"

"ಅಜ್ಜಿ, ಎದ್ರ್ಕಬೇಡಿ, ತಾತನೇ ಮಾತಾಡಿದ್ದು" ಅಂತ ನಾನು ಓಡಿಹೋಗಿ ಕೈ ಹಿಡಿದೆ. ತಾತ ಮತ್ತೆ ಕರೆದರು, ಇನ್ನೂ ಮೆತ್ತಗೆ. ಪೀಪಿಗೆ ಮೆತ್ತಗೆ ಅನ್ನುವುದೇ ಗೊತ್ತಿಲ್ಲ. ಅದಕ್ಕೆ ಇರುವುದು ಒಂದೇ ಸ್ವರ. ಸಿಟ್ಟಿಗೂ ಅದೇ, ಅಕ್ಕರೆಗೂ ಅದೇ. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು ಅಳತೊಡಗಿದರು.

"ತಗೀರಿ ಅದ! ನನ್ನ್ ಗಂಡುನ್ ಬಾಯೊಳ್ಗೆ ಇನ್ಯಾರೋ ಕೂತವ್ರೆ. ನಂಗ್ ಬ್ಯಾಡ, ಚಪ್ಪಾಳೇನೇ ತಟ್ಟಿ."

ತಾತ ಟ್ಯೂಬು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಚೆಲ್ಲಿದ ಅವರೆಕಾಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದರು. ನನ್ನ ಮುಖ ನೋಡಲಿಲ್ಲ.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಅಭ್ಯಾಸವಾದರೆ ಅಜ್ಜಿ ಒಪ್ಪುತ್ತಾರೆ ಅಂದುಕೊಂಡೆ. ತಾತ ಬೀದಿಯಲ್ಲಿ, ಅಂಗಡಿಯಲ್ಲಿ ಅದನ್ನೇ ಹಾಕಿಕೊಂಡು ಮಾತಾಡಿದರು. ಹುಡುಗರು ಹಿಂದೆ ಬೀಳುತ್ತಿದ್ದರು. ಒಬ್ಬ ಅಂಗಡಿಯವನು "ತಾತ, ಮದ್ವೆ ಯಾರ್ದು?" ಅಂತ ಕೇಳಿದನಂತೆ. ಆ ಮೇಲೆ ತಾತ ಅಂಗಡಿಗೆ ಹೋಗುವುದನ್ನೂ ಬಿಟ್ಟರು. ನಾನು ಮಾತ್ರ ಚಂದಕವಾಡಿಯಿಂದ ಬಂದ ಗಿರಾಕಿಗೂ ನನ್ನ ಗಂಟಲಿನ ಕಥೆ ಹೇಳಿ ಮೆರೆಯುತ್ತಿದ್ದೆ. ಮನೆಯಲ್ಲಿ ಅವರಿಬ್ಬರ ನಡುವೆ ಚಪ್ಪಾಳೆ ಬಿಟ್ಟು ಬೇರೇನೂ ಇರಲಿಲ್ಲ.

ಯುಗಾದಿ ಕಳೆದ ವಾರ ಉಸಿರಿನ ತೇವಕ್ಕೆ ಪೀಪಿ ಊದಿಕೊಂಡು ಕಚ್ಚಿಹೋಯಿತು. ಸರಿ ಮಾಡಲು ಹೋದೆ. ಪೀಪಿ ಕಿತ್ತು ಬಟ್ಟಲಿನಲ್ಲಿಟ್ಟು, ಖಾಲಿ ಟ್ಯೂಬಿನ ಒಂದು ತುದಿ ಕತ್ತಿಗೆ, ಇನ್ನೊಂದು ಬಾಯಿಯ ಮೂಲೆಗೆ ಸರಿಯಾಗಿ ಕೂರುತ್ತದೆಯೇ ಅಂತ ತಾತನಿಗೆ ತೊಡಿಸಿ ನೋಡುತ್ತಿದ್ದೆ. ಅಜ್ಜಿ ಮುದ್ದೆ ತಂದರು. ಒಂದು ಇಟ್ಟರು. ಕೈಯಾಡಿಸಿ ತಟ್ಟೆ ಹುಡುಕಿ ಇನ್ನೊಂದು ಇಟ್ಟರು. ಮೂರನೆಯದಕ್ಕೆ ಕೈ ಹಾಕಿದರು. ತಾತನ ಎರಡೂ ಕೈಯಲ್ಲಿ ಟ್ಯೂಬಿತ್ತು, ಚಪ್ಪಾಳೆ ತಟ್ಟಲು ಆಗುವುದಿಲ್ಲ. ರೂಢಿಯಂತೆ ತುಟಿ ಆಡಿಸಿದರು.

"ಸಾಕು."

ನನಗೆ ಏನೂ ಕೇಳಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಏನೋ ಗಾಳಿ ಆಡಿದ ಹಾಗಾಯಿತು ಅಷ್ಟೆ. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು.

"ಏನಂದ್ರಿ?"

ತಾತ ನನ್ನ ಕಡೆ ನೋಡಿದರು. ಎದೆ ತುಂಬಿಕೊಂಡು, ಟ್ಯೂಬು ಒತ್ತಿ ಹಿಡಿದು, "ಸಾಕು. ತಟ್ಟೇಲ್ ಎಡೆ ಇಲ್ಲ" ಅಂದರು. ಈ ಸಲ ನನಗೂ ಕೇಳಿಸಿತು. ದನಿಯಿಲ್ಲ, ಸ್ವರವಿಲ್ಲ, ಬರೀ ಪಿಸುಮಾತು.

ಅಜ್ಜಿ ಹಿಟ್ಟಿನ ಕೈಯಲ್ಲೇ ಅವರ ಮುಖ ಹುಡುಕಿ ಹಿಡಿದುಕೊಂಡರು. "ಇವ್ರೇ! ಇವ್ರೇ ಕಣಪ್ಪ ಇದು!" ಅಂತ ನನಗೆ ಹೇಳಿದರು. ಅತ್ತರು, ನಕ್ಕರು. "ನಾನ್ ಈ ಮನೆಗ್ ಬಂದಾಗ ಒಂದೇ ಅಟ್ಟೀಲಿ ಅನ್ನೆಲ್ಡ್ ಜನ. ಅತ್ತೆ ಮಾವ ಪಕ್ಕದಲ್ಲೇ ಮನಿಕ್ಕಳೋರು. ಮೂರ್ ವರ್ಸ ಇವ್ರು ನನ್ನ್ ತಾವು ಪಿಸುಗುಟ್ಟೇ ಮಾತಾಡಿದ್ದು. ದನಿ ಕೇಳಿದ್ದು ಆಮ್ಯಾಕೆ!"

ನಿಮ್ಮ ಗಂಟಲ ಮೇಲೆ ಬೆರಳಿಟ್ಟು ಒಂದು ಸಲ ಪಿಸುಗುಟ್ಟಿ ನೋಡಿ. ಒಳಗಿನ ಪಟ್ಟಿಗಳು ನಡುಗುವುದೇ ಇಲ್ಲ. ಗಾಳಿಯೊಂದೇ ನಾಲಿಗೆಗೆ, ಹಲ್ಲಿಗೆ, ತುಟಿಗೆ ಉಜ್ಜಿಕೊಂಡು ಮಾತಾಗುತ್ತದೆ. ಪೀಪಿ ಬೇಕಾಗಿಯೇ ಇರಲಿಲ್ಲ. ಮೇಕೆಯ ಗಂಟಲು ಕೊಯ್ದ ನನಗೆ ನನ್ನ ಗಂಟಲ ಮೇಲೆ ಬೆರಳಿಡಲು ತೋಚಿರಲಿಲ್ಲ.

ಎಲ್ಲ ಅಕ್ಷರವೂ ಬರಲಿಲ್ಲ. ಸ, ಕ, ಟ, ಪ ಚೆನ್ನಾಗಿ ಬರುತ್ತಿದ್ದವು. ಪೀಪಿ ಇದ್ದಾಗ ತುಟಿ ಮುಚ್ಚಿದರೂ ಸ್ವರ ಮೂಗಿನಿಂದ ಬರುತ್ತಿತ್ತು, ಈಗ ಮ ಅನ್ನಲು ತುಟಿ ಮುಚ್ಚಿದರೆ ಗಾಳಿ ಸತ್ತುಹೋಗುತ್ತಿತ್ತು. ಬೇರೆ ಮಾತುಗಳಲ್ಲಿ ಅಕ್ಷರ ನುಂಗಿದರೂ ಅಜ್ಜಿಗೆ ಗೊತ್ತಾಗುತ್ತಿತ್ತು, ಅಮ್ಮಿ ಅನ್ನುವುದು ಮಾತ್ರ ಬರಲಿಲ್ಲ. ನಾನು ಅದಕ್ಕೇನಾದರೂ ಮಾಡುತ್ತೇನೆ ಅಂತ ಟ್ಯೂಬು ತಿರುಗಿಸಿ ಮುರುಗಿಸಿ ಕೂತಿದ್ದಾಗ ಅಜ್ಜಿ ಗದರಿಸಿದರು.

"ಬುಡ್ಲಾ ಅತ್ಲಾಗೆ. ನಾನಿಲ್ಲೇ ಪಕ್ಕದಲ್ಲಿವ್ನಿ. ಕರ್ಯೋದ್ಯಾಕೆ?"

ಆಮೇಲೆ ಆರು ತಿಂಗಳು ತಾತ ಮಾತಾಡಿದರು. ಅಜ್ಜಿಯ ಕಿವಿಯ ಹತ್ತಿರ ಬಾಯಿಟ್ಟು, ಟ್ಯೂಬು ಒತ್ತಿಕೊಂಡು, ದಿನವೆಲ್ಲ. ನಲವತ್ತು ವರ್ಷ ಹೊಸಿಲಲ್ಲಿ ಒಂದು ಮಾತಾಡಿ ಮಲಗುತ್ತಿದ್ದ ಮನುಷ್ಯ. ಎದುರಿಗೆ ಕೂತ ನನಗೆ ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಒಂದೊಂದು ಸಲ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಏನು ಹೇಳ್ತಾರೆ ಅಂದರೆ, "ಮದ್ವೆಗಳ ಇಸ್ಯ ಕಣಪ್ಪ. ಓಲಗುಕ್ಕೋದ್ ಮದ್ವೆ ಒಂದೂ ಬುಡ್ದಂಗೆ ಏಳ್ತಾವ್ರೆ. ಯಾವ್ ಎಣ್ಣು ಯಾವ್ ಬಣ್ಣದ್ ಸೀರೆ ಉಟ್ಟಿತ್ತು, ಯಾವ್ ಬೀಗ ಊಟುಕ್ ಕೂತು ಮುನುಸ್ಕಂಡ, ಎಲ್ಲಾವ."

ಮುಂಗಾರು ಮುಗಿಯುವ ಹೊತ್ತಿಗೆ ಕತ್ತಿನಲ್ಲಿ ಮತ್ತೆ ಗಂಟು ಕಾಣಿಸಿತು. ಮೈಸೂರಿನಲ್ಲಿ ಕೈಚೆಲ್ಲಿದರು. ನಾನು ಒಬ್ಬನೇ ಇದ್ದಾಗ ಹೇಳಿಕೊಂಡೆ. ಬರೀ ಟ್ಯೂಬು ಮೊದಲ ದಿನವೇ ಕೊಡಬಹುದಿತ್ತು ತಾತ, ಪೀಪಿ ಪೀಪಿ ಅಂತ ನಿಮ್ಮ ಐದು ತಿಂಗಳು ನಾನು ತಿಂದುಬಿಟ್ಟೆ ಅಂದೆ. ಅವರು ನನ್ನ ತಲೆಯನ್ನು ಎಳೆದು ಕಿವಿಯಲ್ಲಿ ಹೇಳಿದರು:

"ಕೆತ್ತಿದ್ದು ಯಾರ್ಲಾ? ನಾನಲ್ವಾ? ತಪ್ಪ ನೀನೊಬ್ನೇ ಒತ್ಕಂಡ್ ಓಗ್ಬೇಡ."

ದಸರಾಕ್ಕೆ ಮುಂಚೆ ತೀರಿಕೊಂಡರು. ತಿಥಿ ಕಳೆದ ಮೇಲೆ ಅಜ್ಜಿಯನ್ನು ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದರು. ನನ್ನ ಸೈಕಲ್ ಸದ್ದಿಗೇ ಗುರುತು ಹಿಡಿದರು. ತಾತನ ಸುದ್ದಿ ಹೇಳಿ ಅಳುತ್ತಾರೆ ಅಂತ ನಾನು ತಲೆ ತಗ್ಗಿಸಿ ಕೂತೆ. ಅವರು ನನ್ನ ತೋಳು ಹಿಡಿದು ಕೇಳಿದ್ದು ಬೇರೆಯೇ.

"ಒಂದ್ ಮದ್ವೆ ಅರ್ದುಕ್ಕೇ ನಿಂತೋಯ್ತು ಕಣಪ್ಪ. ಉಡಿಗಾಲದಲ್ಲಿ. ಮೂರ್ತದೊತ್ಗೆ ಮದ್ವೆ ಎಣ್ಣು ಒಲ್ಲೆ ಅಂತ ಅಟ್ಟ ಅತ್ತಿ ಏಣಿ ಮ್ಯಾಕ್ಕೆ ಎಳ್ಕಂಡ್ಬುಟ್ಟಿತ್ತಂತೆ. ಅಲ್ಲಿಗಂಟ ಏಳಿ, ವಸಿ ದಣಿವಾಯ್ತು, ನಾಳಿಕ್ಕೆ ಏಳ್ತೀನಿ ಅಂದ್ರು. ಆ ಕೂಸ್ಗೆ ಏನಾಯ್ತು? ಇಳೀತಾ? ನಿಂಗೇನಾರ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಯಜಮಾನನನ್ನು ಕೇಳಿದೆ. ನೆನಪಿಲ್ಲ ಕಣಪ್ಪ, ನುಡಿಸುವಾಗ ನಾನೆಲ್ಲಿ ಜನರನ್ನು ನೋಡುತ್ತೇನೆ ಅಂದ. ಡೋಲಿನವನಿಗೂ ಗೊತ್ತಿಲ್ಲ. ಎಲ್ಲರ ಹಿಂದೆ ನಿಂತು, ಎರಡೂ ಕೈ ಕೊಳವೆಗೆ ಕೊಟ್ಟು, ಕಣ್ಣನ್ನು ಮಾತ್ರ ಬಿಟ್ಟುಕೊಂಡು, ಮದುವೆಗಳನ್ನು ಪೂರ್ತಿ ನೋಡಿದವರು ಅವರೊಬ್ಬರೇ. ಉಡಿಗಾಲಕ್ಕೂ ಹೋಗಿ ಬಂದೆ. ಯಾವ ವರ್ಷ, ಯಾರ ಮನೆ ಅಂತ ಗೊತ್ತಿಲ್ಲದೆ ಯಾರನ್ನು ಕೇಳಲಿ? ಐದು ತಿಂಗಳು ಮೊದಲೇ ಮಾತು ಶುರುವಾಗಿದ್ದರೆ ಆ ಹುಡುಗಿ ಇಳಿದಳೋ ಇಲ್ಲವೋ ಅಜ್ಜಿಗೆ ಗೊತ್ತಾಗಿರುತ್ತಿತ್ತು.

ಅದಕ್ಕೇ ಇದನ್ನು ಬರೆದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹೀಗೆ ಗಂಟಲು ಕಳೆದುಕೊಂಡವರಿದ್ದರೆ, ಮೊದಲು ಖಾಲಿ ಕೊಳವೆಯೊಂದನ್ನು ಕೊಟ್ಟು ನೋಡಿ. ಅವರು ಹೇಗೆ ಮಾತಾಡಿದರು, ನೀವು ಹೇಗೆ ಕೇಳಿಸಿಕೊಂಡಿರಿ ಅಂತ ಈ ಪತ್ರಿಕೆಗೆ ಒಂದು ಕಾಗದ ಹಾಕಿ, ನನ್ನಂಥ ದಡ್ಡರಿಗೆ ಉಪಯೋಗವಾಗುತ್ತದೆ. ಹಾಗೆಯೇ ಉಡಿಗಾಲದ ಆ ಮದುವೆಯಲ್ಲಿ ಊಟಕ್ಕೆ ಕೂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಟ್ಟ ಹತ್ತಿದ ಹುಡುಗಿ ಆಮೇಲೆ ಏನು ಮಾಡಿದಳು ಅಂತ ದಯವಿಟ್ಟು ಬರೆಯಿರಿ. ಹರದನಹಳ್ಳಿಗೆ ಹೋಗಿ ಅಜ್ಜಿಯ ಕಿವಿಯಲ್ಲಿ ಓದುತ್ತೇನೆ.